ಹತ್ತಿರ ಹೋದಷ್ಟೂ ಉರಿ

"ಆ ಗಂಟು ಮಾತ್ರ ಮುಟ್ಟಬೇಡಪ್ಪ," ಎಂದಳು ಹಳೆಯ ಕಾರಿನ ಯಜಮಾನಿ. "ಅಣ್ಣನ ಕಾರು ತನಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ನನ್ನ ಮೈದುನ ಮಾಟ ಮಾಡಿಸಿ ಕಟ್ಟಿಸಿದ್ದು. ಅದಕ್ಕೇ ಗಾಡಿಗೆ ಬೆಂಕಿ ಹತ್ತಿದ್ದು. ಗಂಟು ಬಿಚ್ಚಿದವರಿಗೇ ಮಾಟ ಅಂಟಿಕೊಳ್ಳುತ್ತಂತೆ."

ವರ್ಕ್‌ಶಾಪಿಗೆ ಹೊಸದಾಗಿ ಸೇರಿದ್ದ ಮೆಕ್ಯಾನಿಕ್ ಬಾನೆಟ್ಟಿನೊಳಗಿಂದ ತಲೆ ಎತ್ತದೆಯೇ ನಕ್ಕ. "ಹೊಟ್ಟೆಕಿಚ್ಚಿಗೆಲ್ಲ ಗಾಡಿ ಹತ್ತಿಕೊಳ್ಳೋದಾದ್ರೆ ಊರಲ್ಲಿ ಒಂದು ಕಾರೂ ಉಳೀತಿರಲಿಲ್ಲ, ಅಮ್ಮ. ಇದು ಕೊಳೆತ ರಬ್ಬರ್ ಪೈಪಿನ ಮಾಟ."

ಹಿಂದೊಮ್ಮೆ ಹೊತ್ತಿದ್ದರ ಮಸಿ ಒಳಗೆಲ್ಲ ಮೆತ್ತಿಕೊಂಡಿತ್ತು. ಬಿರುಕುಬಿಟ್ಟ ವೈರುಗಳನ್ನು ಕಿತ್ತು ಹೊಸದು ಎಳೆದ. ಬ್ಯಾಟರಿಗೆ ಕಟ್ಟಾಫ್ ಸ್ವಿಚ್ ಕೂರಿಸಿದ. ಸೀಟಿನ ಪಕ್ಕ ಬೆಂಕಿ ಆರಿಸುವ ಸಿಲಿಂಡರ್ ಬಿಗಿದ. ಕೊನೆಗೆ ಉಳಿದದ್ದು ಪೆಟ್ರೋಲ್ ಪೈಪು. ಅದರ ಕುತ್ತಿಗೆಗೆ ಕೂದಲೂ ಕಪ್ಪು ದಾರವೂ ಹೆಣೆದುಕೊಂಡ ಆ ಗಂಟು. ಬ್ಲೇಡಿನಿಂದ ಕೊಯ್ದು, ಉಫ್ ಎಂದು ಊದಿ, ಹೊಸ ಪೈಪು ಹಾಕಿ ಕೀಲಿ ತಿರುಗಿಸಿದ.

ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು.

ಆಮೇಲೆ ವಾಸನೆ. ಪೆಟ್ರೋಲಿನದಲ್ಲ. ಸುಟ್ಟ ಕೂದಲಿನದು.

ಬಾನೆಟ್ ಎತ್ತಿದ. ಕಾರ್ಬ್ಯುರೇಟರಿನ ಮೇಲೆ ನೀಲಿ ಜ್ವಾಲೆ. ಕೀಲಿ ತಿರುಗಿಸಿದ, ಎಂಜಿನ್ ನಿಂತಿತು, ಬೆಂಕಿ ನಿಲ್ಲಲಿಲ್ಲ. ಬ್ಯಾಟರಿ ಆಫ್ ಮಾಡಿದ. ಸಿಲಿಂಡರ್ ಪೂರ್ತಿ ಖಾಲಿ ಮಾಡಿದ. ಬಿಳಿ ಪುಡಿಯ ಅಡಿಯಿಂದ ಜ್ವಾಲೆ ಮತ್ತೆ ನಾಲಿಗೆ ಚಾಚಿತು. ಹೆದರಿ ವರ್ಕ್‌ಶಾಪಿನ ಬಾಗಿಲಿನವರೆಗೆ ಹಾರಿದ.

ಬೆಂಕಿ ಕುಗ್ಗಿತು.

ಒಂದು ಹೆಜ್ಜೆ ಮುಂದಿಟ್ಟ. ಭುಗ್ಗೆಂದಿತು. ಹಿಂದಿಟ್ಟ. ಇಳಿಯಿತು.

"ಮಾಟ ಗಾಡೀನ ಬಿಡ್ತು," ಎಂದಳು ಯಜಮಾನಿ. "ನಿನ್ನ ಹಿಡೀತು."

"ಬಿಡಿಸೋ ದಾರಿ ಹೇಳಿ, ಅಮ್ಮ!"

"ಗೊತ್ತಿದ್ರೆ ನಾನೇ ಬಿಡಿಸ್ತಿರಲಿಲ್ವೇನಪ್ಪ?"

ಅವನು ಬೀದಿಗೆ ಓಡಿದ. ಅಷ್ಟರಲ್ಲಿ ಪರಿಚಿತ ಹಾರ್ನ್. ಕೆಲಸ ಮುಗಿಸಿದ ಹೆಂಡತಿ ಅವನನ್ನು ಕರೆದೊಯ್ಯಲು ಬಂದಿದ್ದಳು. "ಬರಬೇಡ! ಹಿಂದೆ ತಗೋ!" ಎಂದು ಕಿರುಚಿದ. ಅವಳಿಗೆ ಕೇಳಿಸಲಿಲ್ಲ, ನಗುತ್ತ ಕೈಬೀಸಿ ಕಾರನ್ನು ಅವನೆದುರೇ ತಂದು ನಿಲ್ಲಿಸಿದಳು.

ಅವಳ ಕಾರಿನ ಬಾನೆಟ್ಟಿನ ಸಂದಿಯಿಂದಲೂ ಹೊಗೆ ಎದ್ದಿತು.

ಅವಳು ಸೀಟ್‌ಬೆಲ್ಟ್ ಜಗ್ಗಿದಳು. ಬಿಚ್ಚಲಿಲ್ಲ. "ರೀ! ಬನ್ರೀ!"

ಕಾಲು ತಾನಾಗಿ ಮುಂದೆ ಹೋಯಿತು. ಜ್ವಾಲೆ ಗಾಜಿನ ಎತ್ತರಕ್ಕೆ ಎದ್ದಿತು. ಅವಳ ಚೀತ್ಕಾರ. ಅವನು ಹಲ್ಲು ಕಚ್ಚಿ ಹಿಂದೆ ಸರಿದ. ಇನ್ನೂ ಹಿಂದೆ. ಬೆಂಕಿ ತಗ್ಗಿತು.

"ನಿನ್ನ ಹೆಂಡ್ತಿ ಕಣಯ್ಯಾ! ಎಲ್ಲಿಗೆ ಹೋಗ್ತೀಯ?" ಎದುರು ಅಂಗಡಿಯ ದರ್ಜಿ ಕೂಗುತ್ತಲೇ ಕತ್ತರಿ ಹಿಡಿದು ಓಡಿದ. ಬೆಲ್ಟ್ ಕತ್ತರಿಸಿದ. ಅವಳನ್ನು ಎಳೆದು ಹಾಕಿದ. ಅವಳ ಕೈಗಳೆರಡೂ ಬೆಂದಿದ್ದವು. ಕಣ್ಣು ಮಾತ್ರ ಅವನ ಮೇಲೇ ಇತ್ತು. ಅವನು ಬೀದಿಯ ಕೊನೆಯಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತಿದ್ದ.

ಆಂಬುಲೆನ್ಸ್ ಬಂತು. ಅವಳನ್ನು ಮಲಗಿಸಿದರು. "ಮನೆಯವರು ಯಾರು? ಬೇಗ ಹತ್ತಿ!" ಡ್ರೈವರ್ ಕೂಗಿದ.

ತೆರೆದ ಬಾಗಿಲಿನಿಂದ ಅವಳು ತಲೆ ಎತ್ತಿ ನೋಡಿದಳು.

ಅವನು ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟ.