ಕಂಬಳಿಯ ತೂಕ

"ಇಳಿಸಿ ಆ ಮಗುನ! ತಕ್ಕಡಿ ಇನ್ನೂ ಸೊನ್ನೆಗೆ ಬಂದಿಲ್ಲ!"

ಪರದೇಶದ ಕೆಲಸದ ಮೊದಲ ದಿನವೇ, ಮಕ್ಕಳನ್ನು ತೂಗಿಸಲು ಬಂದ ಅಷ್ಟೂ ತಾಯಂದಿರ ಮುಂದೆ ಅವಳಿಗೆ ಮಂಗಳಾರತಿ! ಕೂಗಿದವನು ತನ್ನದೇ ಭಾಷೆಯವನು ಎಂಬುದು ಇನ್ನಷ್ಟು ಉರಿ. ತೂಕದ ಅಂಕಿಗಳನ್ನು ಪರಿಶೀಲಿಸುವುದು ಅವನ ಕೆಲಸ. ಸಣ್ಣ ತಪ್ಪನ್ನೂ ಬಿಡದ ಅವನನ್ನು ಕಚೇರಿಯಲ್ಲಿ ಎಲ್ಲರೂ 'ಜರಡಿ' ಎನ್ನುತ್ತಿದ್ದರು.

"ಮಕ್ಕಳಿಗೆ ಊಟ ಹಾಕೋದಕ್ಕೂ ಡಿಗ್ರಿ ಬೇಕೇನೇ?" ಎಂದು ಊರಲ್ಲಿ ಸೋದರತ್ತೆ ನಗಾಡಿದ್ದರು. ಎರಡು ಸಲ ಪ್ರವೇಶ ಪರೀಕ್ಷೆಯಲ್ಲಿ ಬಿದ್ದು, ಮೂರನೆಯ ಸಲ ಹಲ್ಲು ಕಚ್ಚಿ ಗೆದ್ದು, ಸಾರ್ವಜನಿಕ ಆರೋಗ್ಯ ಮತ್ತು ಪೌಷ್ಟಿಕ ಆಹಾರದ ವಿಷಯ ಓದಿ ಇಲ್ಲಿಯವರೆಗೆ ಬಂದವಳು ಅವಳು. ಇವನೊಬ್ಬನಿಗೆ ಹೆದರುತ್ತಾಳೆಯೇ? ದಿನವೂ ಜಗಳವಾಡಿದಳು. ಜಗಳದ ನಡುವೆಯೇ, ಅವನು ಬಾರದ ದಿನ ಕಚೇರಿ ಬಿಕೋ ಎನ್ನತೊಡಗಿತು... ಬುದ್ಧಿಗೇಡಿ ಮನಸ್ಸು!

ಮಕ್ಕಳ ತೂಕದ ಚಳಿಗಾಲದ ಸಮೀಕ್ಷೆಯ ವರದಿ ಕೊಟ್ಟ ವಾರಕ್ಕೆ ಮುಖ್ಯ ವೈದ್ಯೆ ಅವಳನ್ನು ಕರೆಸಿದರು.

"ನಿನ್ನ ಲೆಕ್ಕದಲ್ಲಿ ಮಕ್ಕಳೆಲ್ಲ ಗುಂಡುಗುಂಡಗಿದ್ದಾರೆ. ಕಣ್ಣಿಗೆ ಕಾಣೋದೇ ಬೇರೆ. ತೂಗದೆ ಕೂತಲ್ಲೇ ಬರೆದಿದ್ದು ಅಂತಾದ್ರೆ ನಾಳೆನೇ ಮನೆಗೆ ಟಿಕೆಟ್."

"ಯಾರು ಹೇಳಿದ್ದು ಮೇಡಂ?"

"ಜರಡಿ ತೋರಿಸಿದ."

ನನ್ನನ್ನೇ ಕೇಳಬಹುದಿತ್ತಲ್ಲ... ಬೆನ್ನಿಗೆ ಚೂರಿ ಹಾಕಿದನಲ್ಲ!

ಅವನನ್ನು ಹುಡುಕಿಕೊಂಡು ಸಮೀಕ್ಷೆ ನಡೆದ ಕ್ಲಿನಿಕ್ಕಿಗೆ ಧಾವಿಸಿದಳು. ಅಲ್ಲಿ ಅವನು ನೆಲದ ಮೇಲೆ ಕುಳಿತು, ಬರೀ ಕಂಬಳಿಗಳನ್ನು ತೂಗುತ್ತಿದ್ದ! ಸುತ್ತ ನಿಂತ ತಾಯಂದಿರು ಬಿದ್ದುಬಿದ್ದು ನಗುತ್ತಿದ್ದರು.

"ಚಾಡಿ ಹೇಳೋಕೆ ನಾಚಿಕೆ ಆಗ್ಲಿಲ್ವಾ?"

"ಅಂಕಿ ಸರಿಯಿಲ್ಲ ಅಂದೆ, ಅಷ್ಟೇ. ನೀವು ಸುಳ್ಳು ಬರೆದ್ರಿ ಅಂತ ನಾನು ಅನ್ಲಿಲ್ಲ." ಅವನು ತಲೆಯೆತ್ತಿದ. "ಮಕ್ಕಳನ್ನ ಕಂಬಳಿ ಸುತ್ತಿಯೇ ತೂಗಿದ್ರಾ?"

ಹೌದು... ಕೊರೆಯುವ ಆ ಕೋಣೆಯಲ್ಲಿ ಎಳೆ ಮಕ್ಕಳ ಬಟ್ಟೆ ಬಿಚ್ಚಲು ಕರುಳು ಒಪ್ಪಿರಲಿಲ್ಲ. ಒಂದು ಕಂಬಳಿ ಎಷ್ಟು ಮಹಾ ಭಾರ ಎಂದುಕೊಂಡಿದ್ದಳು. ಆ ಭಾರ ಸೇರಿ, ಸೊರಗಿದ ಮಕ್ಕಳೂ ಲೆಕ್ಕದಲ್ಲಿ ಗಟ್ಟಿಮುಟ್ಟಾಗಿಬಿಟ್ಟಿದ್ದರು!

"ಕಂಬಳಿ ತೂಕ ಕಳೆದು ನಿಮ್ಮ ವರದಿ ಉಳಿಸೋಣ ಅಂತ ಬೆಳಗ್ಗಿಂದ ಒದ್ದಾಡ್ತಿದ್ದೀನಿ. ಆದ್ರೆ ಒಂದೊಂದು ಕಂಬಳಿದು ಒಂದೊಂದು ತೂಕ!"

"ಅಂದಾಜಲ್ಲಿ ಕಳೆದ್ರೆ...?" ಆಸೆಯಿಂದ ಕೇಳಿದವಳು ತಾನೇ ತಲೆಯಾಡಿಸಿದಳು. "ಬೇಡ. ಅದೂ ಸುಳ್ಳೇ."

ಮುಖ್ಯ ವೈದ್ಯೆಗೆ ಫೋನ್ ಮಾಡಿದಳು. "ಮೇಡಂ, ತಪ್ಪು ನಂದೇ. ಚಳಿ ಅಂತ ಕಂಬಳಿ ತೆಗೀದೆ ತೂಗಿದ್ದೆ. ಎಲ್ಲಾ ಮಕ್ಕಳನ್ನೂ ಮತ್ತೆ ತೂಗ್ತೀನಿ. ಆಮೇಲೆ ಕಳಿಸೋದಾದ್ರೆ ಕಳಿಸಿ."

"ಹೀಟರ್ ಕಳಿಸ್ತೀನಿ," ಎಂದರು ವೈದ್ಯೆ. "ಟಿಕೆಟ್ ಅಲ್ಲ."

ತಡೆದಿದ್ದ ಕಣ್ಣೀರು ಧಾರೆಯಾಗಿ ಇಳಿಯಿತು. ಅವಳು ಅವನತ್ತ ತಿರುಗಿದಳು.

"ಮೊದಲೇ ನನ್ನನ್ನ ಯಾಕೆ ಕೇಳ್ಲಿಲ್ಲ ನೀವು?"

"ಕೇಳಿದ್ರೆ ಹೀಗೆ ಅಳ್ತಿದ್ರಿ. ನೀವು ಅತ್ರೆ... ಆ ತಪ್ಪನ್ನ ನಾನು ಮುಚ್ಚಿಹಾಕಿಬಿಡ್ತಿದ್ದೆ."

"ನೀವಾ?!"

"ನಿಮಗೋಸ್ಕರ ಮಾಡ್ತಿದ್ದೆ. ಅದಕ್ಕೇ ಭಯ ಆಯ್ತು." ಅವನ ಧ್ವನಿ ತಗ್ಗಿತು. "ನೀವಂದ್ರೆ ನನಗೆ ಅಷ್ಟು ಇಷ್ಟ."

ಅವಳು ಮೆಲ್ಲನೆ ಅವನ ಪಕ್ಕ ಕುಳಿತಳು.

"ಇನ್ಮೇಲೆ ನನ್ನನ್ನೇ ಕೇಳಿ. ಅಳ್ತೀನಿ, ಬೈತೀನಿ... ಆದ್ರೆ ಎದ್ದು ಹೋಗಲ್ಲ."

"ಎಲ್ಲಿಗೂ?"

"ನಿಮ್ಮನ್ನ ಬಿಟ್ಟು ಎಲ್ಲಿಗೂ!"