ಅವ್ವನ ಕುರ್ಚಿ

ಸಪ್ನಾ ಟೀವಿಯ ಹಿಂದಿನ ವೈರನ್ನು ಹಿಡಿದು ನಿಂತಿದ್ದಳು. ಒಮ್ಮೆ ಎಳೆದರೆ ಮುಗಿಯುತ್ತಿತ್ತು. ಪರದೆ ಕಪ್ಪಾಗುತ್ತಿತ್ತು. ಕೇಬಲ್ಲಿನವನಿಗೆ ಫೋನ್ ಮಾಡಿದಂತೆ ನಟಿಸಿ, ಭಾನುವಾರ ಯಾರೂ ಬರುವುದಿಲ್ಲವಂತೆ ಎಂದುಬಿಟ್ಟರೆ ಸಾಕಿತ್ತು...

"ಏನ್ ಮಾಡ್ಲಾಕತ್ತಿ ಅಲ್ಲಿ?"

ಬೆನ್ನ ಹಿಂದೆ ಅತ್ತೆ ದೇವಕ್ಕನ ದನಿ. ಸಪ್ನಾಳ ಕೈ ತಾನಾಗಿ ಹಿಂದೆ ಸರಿಯಿತು.

"ಧೂಳ ಕೂತಿತ್ತು ಅತ್ತಿ. ಒರಸ್ಲಾಕತ್ತಿದ್ದೆ."

"ಮುಂದ ಒರಸವಾ, ಮುಂದ! ನನ್ನ ಮಗ ಹಿಂದಿನ ಬಾಗಲಿಂದ ಬರ್ತಾನೇನು?"

ಹಾಗೆಂದು ದೇವಕ್ಕ ನಕ್ಕಳು. ಹೋದ ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಅವಳ ಮಗ, ಸಪ್ನಾಳ ಗಂಡ ಶರಣಬಸಪ್ಪನನ್ನು ಕರೆದುಕೊಂಡು ಹೋದ ಮೇಲೆ ಮುಂಬಯಿಯ ಘಾಟ್ಕೋಪರಿನ ಆ ಒಂದು ಕೋಣೆಯ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ದೇವಕ್ಕ ತನ್ನ ಸೀರೆಯ ಸೆರಗಿನಿಂದಲೇ ಪರದೆಯನ್ನು ಒರೆಸಿದಳು, ಮಗುವಿನ ಮುಖ ಒರೆಸುವ ಹಾಗೆ. ನೆಲಕ್ಕೆ ಚಾಪೆ ಹಾಸಿದಳು. ಕುರ್ಲಾದ ಹಳೆಯ ಸಾಲುಮನೆಗಳ ಚಾಳಿನಿಂದ, ಹಿಂದಿನ ನೆರೆಯವಳಾದ ಇಂದ್ರಾಬಾಯಿ ಬರುವವಳಿದ್ದಳು, ಬಿಲ್ಡಿಂಗಿನ ಹೆಂಗಸರು ಬರುವವರಿದ್ದರು. ದೇವಕ್ಕ ತಾನು ಮಾಡಿ ಮಾರುವ ಜೋಳದ ರೊಟ್ಟಿಯ ಆರ್ಡರನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಬಂದವರ ಬಾಯಿಗೆ ಹಾಕಲು ಶೇಂಗಾದ ಉಂಡೆ ಕಟ್ಟಿಟ್ಟಿದ್ದಳು.

ಯಾದಗಿರಿಯಿಂದ ದೇವಕ್ಕನ ತಂಗಿ ಫೋನ್ ಮಾಡಿದ್ದೇ ಇದಕ್ಕೆಲ್ಲ ಕಾರಣ. "ಅಕ್ಕಾ, ಭಾನುವಾರ ಮಧ್ಯಾಹ್ನ ಶರಣು ಟೀವಿಯೊಳಗ ಬರ್ತಾನಂತ! ಹಳೇ ಕಂತು ಮತ್ತ ಹಾಕ್ತಾರಂತ!"

ಆ ಮಾತು ಕೇಳಿದಂದಿನಿಂದ ದೇವಕ್ಕನಿಗೆ ಜೀವ ಬಂದಿತ್ತು. ಸಪ್ನಾಳ ಜೀವ ಹೋಗಿತ್ತು.

ಆ ಕಾರ್ಯಕ್ರಮದ ಹೆಸರು 'ಜೊತೆಗೆ ಬೆಳೆದವರು'. ಚಿಕ್ಕಂದಿನಲ್ಲಿ ಒಬ್ಬರನ್ನೊಬ್ಬರು ಮೆಚ್ಚಿ, ದೊಡ್ಡವರಾದ ಮೇಲೆ ಮದುವೆಯಾದವರನ್ನು ಕರೆಸಿ ಮಾತಾಡಿಸುವ ಕಾರ್ಯಕ್ರಮ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಚಾನೆಲ್ಲಿನವರು ಮುಂಬಯಿ ಕನ್ನಡಿಗರಿಗಾಗಿಯೇ ವಿಲೆ ಪಾರ್ಲೆಯ ಒಂದು ಹಾಲ್‌ನಲ್ಲಿ ಇದನ್ನು ಚಿತ್ರೀಕರಿಸಿದ್ದರು. ಶರಣು ಮತ್ತು ಸಪ್ನಾರ ಕಥೆ ಅವರಿಗೆ ಬಹಳ ಹಿಡಿಸಿತ್ತು. ಇಬ್ಬರೂ ಕುರ್ಲಾದ ಒಂದೇ ಚಾಳಿನವರು. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋಗಿ, ನಾಲ್ಕನೆಯ ತರಗತಿಯಲ್ಲಿ ಉಳಿದದ್ದು ಇವರಿಬ್ಬರೇ! ಒಬ್ಬರು ತಪ್ಪಿಸಿಕೊಂಡರೂ ತರಗತಿ ಮುಚ್ಚುತ್ತಾರೆಂದು ಗುರಲಿಂಗಪ್ಪ ಮಾಸ್ತರರಿಗೆ ಹೆದರಿಕೆ. ಸಪ್ನಾಳಿಗೆ ಅಂಟುರೋಗವಾದ ಗೌತಲಮ್ಮ ಎದ್ದಾಗ ಶರಣು ಅವಳ ಮನೆ ಬಾಗಿಲ ಹೊರಗೆ ಕುಳಿತು, ಒಳಗೆ ಮಲಗಿದವಳಿಗೆ ಕೇಳಲಿ ಎಂದು ಇಡೀ ಪಾಠವನ್ನು ಗಟ್ಟಿಯಾಗಿ ಓದಿದ್ದ. ಮಾಸ್ತರರು ಬಂದು ಅಲ್ಲೇ ಇಬ್ಬರ ಹಾಜರಿ ಹಾಕಿಕೊಂಡು ಹೋಗಿದ್ದರು. ಮುಂದೆ ಆ ಹುಡುಗ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದ, ಹುಡುಗಿ ಬಿ.ಕಾಂ. ಮುಗಿಸಿ ಆಫೀಸು ಸೇರಿದಳು, ಅವರಿಬ್ಬರಿಗೂ ಮದುವೆಯಾಯಿತು.

ಚಿತ್ರೀಕರಣಕ್ಕೆ ಕರೆ ಬಂದ ದಿನ ದೇವಕ್ಕ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಸಪ್ನಾ ಅದನ್ನು ನೋಡಿದ್ದಳು. ಎಷ್ಟೋ ವರ್ಷ ಇಟ್ಟಿಗೆಯ ಬುಟ್ಟಿ ಹೊತ್ತು ನೆತ್ತಿಯ ಮೇಲೆ ಕೂದಲೇ ಇಲ್ಲದ ಅತ್ತೆ... ತಂಬಾಕಿಗೆ ಕಪ್ಪಾದ ಹಲ್ಲು... ಅರ್ಧ ಹಿಂದಿ, ಅರ್ಧ ಮರಾಠಿ ಬೆರೆಸಿ, ಬೀದಿಗೆಲ್ಲ ಕೇಳುವಂತೆ ಮಾತಾಡುವ ಗಂಟಲು... ಆಫೀಸಿನವರೆಲ್ಲ ನೋಡುತ್ತಾರೆ!

"ಅತ್ತಿ, ಅಲ್ಲಿ ಆರತಿ ಮಾಡೋದಿರ್ತದಂತ. ಉಡಿ ತುಂಬೋದಿರ್ತದಂತ. ಮುತ್ತೈದಿ ಬೇಕಂತ," ಎಂದಿದ್ದಳು ಸಪ್ನಾ.

ಗಂಡ ಸತ್ತ ಹೆಂಗಸಿನ ಬಾಯಿ ಮುಚ್ಚಿಸಲು ಅದಕ್ಕಿಂತ ಹೆಚ್ಚಿನ ಮಾತು ಬೇಕಿರಲಿಲ್ಲ. ದೇವಕ್ಕ ಸೀರೆಯನ್ನು ಮಡಿಚಿದಳು. "ಖರೇನ ಅದ ಬಿಡು. ನನಗs ತಿಳೀಬೇಕಿತ್ತು. ಮ್ಯಾಲಿನ ಸರಸ್ವತಿ ಬಾಯಾರನ್ನ ಕರಕೊಂಡು ಹೋಗ್ರಿ. ಅವರ ಗಂಡ ಗುಂಡುಕಲ್ಲಿನಂಗ ಅದಾನ."

ಇಂದು ಸಪ್ನಾಳ ಉಡಿಯನ್ನೂ ಯಾರೂ ತುಂಬುವುದಿಲ್ಲ. ಅಂದು ತಾನು ಯಾವ ಮಾತಿನಿಂದ ಬಾಗಿಲು ಮುಚ್ಚಿದ್ದಳೋ, ಆ ಬಾಗಿಲಿನ ಹೊರಗೆ ಈಗ ಅವಳೂ ನಿಂತಿದ್ದಳು.

ಆದರೆ ಅವಳನ್ನು ಸುಡುತ್ತಿದ್ದ ಸಂಗತಿ ಬೇರೆಯೇ ಇತ್ತು. ಆ ದಿನ ವೇದಿಕೆಯ ಮೇಲೆ ಹುಡುಗನ ತಾಯಿಗೆಂದು ಇಟ್ಟಿದ್ದ ಮೂರನೆಯ ಕುರ್ಚಿಯಲ್ಲಿ ಕುಳಿತ ಸರಸ್ವತಿಯವರನ್ನು ನಿರೂಪಕಿ ಶರಣುವಿನ ತಾಯಿಯೆಂದೇ ತಿಳಿದಳು. ತಾಯಿಯೆಂದೇ ಮಾತಾಡಿಸಿದಳು. ಗಂಡ ಸುಮ್ಮನಿದ್ದ, ಹೆಂಡತಿ ಸುಮ್ಮನಿದ್ದಳು. ಕಂತು ಪ್ರಸಾರವಾಗುವ ವಾರ ದೇವಕ್ಕನನ್ನು ಯಾದಗಿರಿಯ ಮದುವೆಗೆ ಕಳಿಸಿ, ವಾಪಸು ಬಂದ ಮೇಲೆ "ನಮ್ಮ ಭಾಗ ಕಟ್ ಮಾಡಿದ್ರು ಅತ್ತಿ" ಎಂದುಬಿಟ್ಟರು. ಅವರಿಬ್ಬರಿಗೂ ಅದನ್ನು ನೋಡುವ ಧೈರ್ಯವಾಗಿರಲಿಲ್ಲ. ಅಂದು ಟೀವಿಯನ್ನೇ ಹಚ್ಚಿರಲಿಲ್ಲ. ಆಗ ಕಟ್ ಮಾಡಿದ್ದ ಭಾಗವನ್ನು ಈಗ ಸೇರಿಸಿ ತೋರಿಸುತ್ತಾರೆಂದೇ ದೇವಕ್ಕ ನಂಬಿದ್ದಳು.

ನೀರು ತರುವ ನೆಪ ಹೇಳಿ ಸಪ್ನಾ ಮೆಟ್ಟಿಲಿಗೆ ಬಂದಳು. ಸರಸ್ವತಿಯವರು ಮೇಲಿನ ಮಹಡಿಯಿಂದ ಇಳಿಯುತ್ತಿದ್ದರು. ಮೈಸೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿಯ ಹೆಂಡತಿ. ಕೈಯಲ್ಲಿ ಪ್ರಯಾಣದ ಚೀಲವಿತ್ತು.

"ನಾನು ಮಗಳ ಮನೆಗೆ ಹೊರಟೆ ಕಣಮ್ಮ," ಎಂದರು ತಗ್ಗಿದ ದನಿಯಲ್ಲಿ. "ನಿಮ್ಮತ್ತೆ ಬಂದು ಬಂದು ಕರೀತಿದ್ದಾರೆ, 'ನೀವೂ ಇದೀರಿ, ಬರ್ರಿ' ಅಂತ. ನಂಗೆ ಅವರ ಮುಖ ನೋಡಕ್ಕಾಗಲ್ಲ."

"ಆಂಟಿ... ನೀವಾದ್ರೂ ಅವತ್ತು ಹೇಳಬಹುದಿತ್ತು."

"ನಾನಾ?" ಸರಸ್ವತಿಯವರ ಕಣ್ಣು ತುಂಬಿತು. "ನಾನು ನಿಮ್ಮಿಬ್ರನ್ನೂ ನೋಡಿದೆ ಸಪ್ನಾ. ಹೇಳ್ತೀರಿ ಹೇಳ್ತೀರಿ ಅಂತ ಕಾದೆ. ಆಮೇಲೆ ನಂಗೂ ಚಪ್ಪಾಳೆ ಹಿತವಾಯ್ತೋ ಏನೋ... ಸುಳ್ಳು ಯಾಕೆ ಹೇಳ್ಲಿ." ಮುಂದಿನ ಮಾತಿಗೆ ನಿಲ್ಲದೆ ಅವರು ಇಳಿದು ಹೋದರು.

ಸಪ್ನಾ ಒಳಗೆ ಬಂದಾಗ ಕೋಣೆ ತುಂಬಿತ್ತು. ಇಂದ್ರಾಬಾಯಿ ಟೀವಿಯ ಎದುರೇ ಕಾಲು ಚಾಚಿ ಕುಳಿತು ಉಂಡೆ ಕಡಿಯುತ್ತಿದ್ದಳು.

"ದೇವಕ್ಕಾ, ನಿನ್ನ ಉಂಡಿ ಭಾಳ ಕಡಕ್ ಅದ. ಹಲ್ಲು ಮುರದ್ರ ಖರ್ಚು ಟೀವಿಯವರು ಕೊಡ್ತಾರೇನ?"

"ಹಲ್ಲು ಇದ್ದವರು ಅಂಜಬೇಕು. ನಿನಗೆಲ್ಲಿ ಅವ? ಸುಮ್ಮ ನೋಡು, ಬಂತು, ಬಂತು!"

ಬಂತು. ದೀಪ, ಹೂವು, ಸಂಗೀತ... ಅದರ ನಡುವೆ ನೀಲಿ ಅಂಗಿಯ ಶರಣು ನಡೆದು ಬಂದ. ನಡೆದು ಬಂದ! ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಅಲುಗಾಡದೆ ಇದ್ದವನು ಕೈಬೀಸಿದ, ನಕ್ಕ, ಕೂದಲು ಸರಿಮಾಡಿಕೊಂಡ. ಕೋಣೆಯಲ್ಲಿ ಯಾರೋ ಬಿಕ್ಕಿದರು. ದೇವಕ್ಕ ಅಳಲಿಲ್ಲ. ಕುಳಿತಲ್ಲಿಂದ ಎದ್ದು, ಪರದೆಯ ಹತ್ತಿರ ಹೋಗಿ ಕುಳಿತಳು.

"ಅಗೋ ಬಾಯಿ! ಎಷ್ಟು ಛಂದ ಕಾಣ್ತಾನ ಪೋರ!" ಎಂದಳು ಇಂದ್ರಾಬಾಯಿ.

ಪರದೆಯ ಮೇಲೆ ಶರಣು ಶಾಲೆಯ ಕಥೆ ಹೇಳಿದ. "ನಮ್ಮ ತರಗತಿಯೊಳಗ ಮೊದಲನೇ ನಂಬರು ನಂದು, ಎರಡನೇದು ಇವಳದು. ಮೂರನೇದು ಯಾರೂ ಇರಲಿಲ್ಲ," ಎಂದಾಗ ಎಲ್ಲರೂ ನಕ್ಕರು. ದೇವಕ್ಕನೂ ನಕ್ಕು, ಕಣ್ಣು ಒರೆಸಿಕೊಂಡಳು. ಸಪ್ನಾ ಅಡುಗೆಕಟ್ಟೆಗೆ ಒರಗಿ ನಿಂತಿದ್ದಳು. ಇನ್ನೇನು... ಇನ್ನೇನು...

ನಿರೂಪಕಿ ರೇಷ್ಮೆ ಸೀರೆಯ ಸರಸ್ವತಿಯವರ ಕಡೆ ತಿರುಗಿದಳು.

"ಅಮ್ಮಾ, ಇಂಥ ಮಗನನ್ನು ಹೆತ್ತ ನಿಮ್ಮ ಹೊಟ್ಟೆ ತಣ್ಣಗಿರಲಿ! ನೋಡಿ ವೀಕ್ಷಕರೇ, ತಾಯಿಯ ಮುಖದಲ್ಲೇ ಸಂಸ್ಕಾರ ಎದ್ದು ಕಾಣುತ್ತಿದೆ!"

ಚಪ್ಪಾಳೆ.

ಆ ಚಪ್ಪಾಳೆಯ ನಡುವೆ ಸಪ್ನಾ ಒಂದನ್ನು ಕಂಡಳು. ಶರಣುವಿನ ಬಾಯಿ ತೆರೆಯಿತು. ಅವನ ಕೈ ಮೇಲೆದ್ದಿತು, ಇಲ್ಲ ಎನ್ನುವ ಹಾಗೆ. ಅಷ್ಟರಲ್ಲಿ ಪಕ್ಕದಿಂದ ಹಸಿರು ಬಳೆಗಳ ಒಂದು ಕೈ ಬಂದು ಅವನ ಮುಂಗೈಯನ್ನು ಒತ್ತಿ ಕೆಳಗಿಳಿಸಿತು. ಅವನು ಹೆಂಡತಿಯನ್ನು ನೋಡಿದ. ಬಾಯಿ ಮುಚ್ಚಿದ. ಮುಗುಳ್ನಕ್ಕ.

ಸಪ್ನಾ ತನ್ನ ಕೈಯನ್ನೇ ನೋಡಿಕೊಂಡಳು. ಅದು ತನ್ನ ಕೈ! ಆ ನೆನಪೇ ಅವಳಿಗೆ ಇರಲಿಲ್ಲ. ಅಂದು ಮರಳುವಾಗ ಲೋಕಲ್ ರೈಲಿನಲ್ಲಿ ಅವಳೇ ಅವನನ್ನು ಹಂಗಿಸಿದ್ದಳು: "ಹೆತ್ತ ಅವ್ವನ್ನ ಬಿಟ್ಟುಕೊಟ್ರಲ್ಲ, ನಿಮಗ ಒಂದು ಮಾತು ಆಡಾಕ ಆಗಲಿಲ್ಲೇನು?" ಅವನು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೂ ಜಗಳವಾದಾಗಲೆಲ್ಲ ಅದೇ ಮಾತನ್ನು ಎತ್ತಿ ಚುಚ್ಚಿದ್ದಳು. 'ನೀನೇ ತಡೆದೆ' ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಆಸ್ಪತ್ರೆಯ ಮಂಚದ ಮೇಲೂ ಅನ್ನಲಿಲ್ಲ...

"ದೇವಕ್ಕಾ!" ಇಂದ್ರಾಬಾಯಿ ಉಂಡೆ ಕೆಳಗಿಟ್ಟಿದ್ದಳು. "ಆ ಬಾಯಿ ಯಾಕ ಅವನ ಆಯಿ ಆದಳು? ಅವ್ವ ನೀನಲ್ಲೇನ?"

ಎಲ್ಲರ ಕಣ್ಣೂ ದೇವಕ್ಕನ ಬೆನ್ನಿನ ಮೇಲಿದ್ದವು. ಅವಳು ತಿರುಗುವುದಕ್ಕೆ ತುಸು ಹೊತ್ತು ಹಿಡಿಯಿತು. ತಿರುಗಿದಾಗ ಮುಖದಲ್ಲಿ ನಗುವಿತ್ತು, ಹೊಲಿದು ಕೂಡಿಸಿದಂಥ ನಗು.

"ನಾನs ಹೇಳಿ ಕಳಿಸಿದ್ದೆನವಾ. ನನಗ ಲೈಟ್ ಮುಂದ ಕುಂತ್ರ ತಲಿ ತಿರಗ್ತದ. ನನ್ನ ಬದಲಿ ನೀವs ತಾಯಿ ಆಗಿ ಕುಂದರ್ರಿ ಅಂತ ಬಾಯಾರಿಗೆ ಕೈಮುಗದು ಹೇಳಿದ್ದೆ. ನನ್ನ ಶರಣು ಭಾಳ ಹಟಾ ಮಾಡ್ದ, ನೀನs ಬಾ ಅಂತ. ನಾನs ಕೇಳಲಿಲ್ಲ."

ಇಂದ್ರಾಬಾಯಿ ಅವಳ ಮುಖವನ್ನೇ ನೋಡಿ, "ಹಾಂ, ನಿನ್ನ ಹಟಾ ನನಗ ಗೊತ್ತಿಲ್ಲೇನು," ಎಂದು ತಲೆ ತಗ್ಗಿಸಿದಳು. ಅವಳೂ ತಾಯಿಯೇ.

ಎಲ್ಲರೂ ಹೋದ ಮೇಲೆ ದೇವಕ್ಕ ಚಾಪೆ ಸುತ್ತಿದಳು. ಗೋಡೆಯ ಫೋಟೋದ ಕಡೆ ನೋಡಲಿಲ್ಲ. ಸಂಜೆ ದೀಪ ಹಚ್ಚಿದಳು, ಆದರೆ ದಿನವೂ ಮಗನ ಮುಂದೆ ಇಡುತ್ತಿದ್ದ ಚಹಾದ ಬಟ್ಟಲು ಇಡಲಿಲ್ಲ.

"ಅತ್ತಿ..."

"ನಾ ಯಾರಿಗೂ ಏನೂ ಅನ್ನಂಗಿಲ್ಲ ಸಪ್ನಾ. ಅಂವ ಕಲತಂವ. ಇಟ್ಟಂಗಿ ಹೊತ್ತವಳ್ನ ಎಲ್ಲಾರ ಮುಂದ ಅವ್ವ ಅಂತ ಹ್ಯಾಂಗ ತೋರಿಸ್ಬೇಕು? ನಾಚಿಗಿ ಬಂದಿರ್ತದ. ತಪ್ಪಿಲ್ಲ." ದೇವಕ್ಕ ಚಹಾದ ಖಾಲಿ ಬಟ್ಟಲನ್ನು ಬೋರಲು ಹಾಕಿದಳು. "ಒಂದು ವರ್ಷ ಆತು, ಮಗ ಹೋದ, ಮಗ ಹೋದ ಅಂತ ಅಳ್ಲಾಕತ್ತೀನಿ... ಅಂವ ಅದಕ್ಕೂ ಮೊದಲs ಹೋಗಿದ್ನಲ್ಲವಾ! ನನಗ ಗೊತ್ತs ಆಗಲಿಲ್ಲ!"

ಸಪ್ನಾ ಗೋಡೆ ಹಿಡಿದು ನಿಂತಳು. ಸುಮ್ಮನಿದ್ದರೆ ಆಗುತ್ತಿತ್ತು. ಸತ್ತವನು ಎದ್ದು ಬಂದು ಹೇಳುವುದಿಲ್ಲ. ಬದುಕಿದ್ದಾಗಲೇ ಹೇಳದವನು! ಊರಲ್ಲಿ ತವರೆಂಬುದು ಉಳಿದಿರಲಿಲ್ಲ. ಕುರ್ಲಾದ ಚಾಳಿನಲ್ಲಿ ತಾಯಿಯಿಲ್ಲದೆ ಬೆಳೆದ ಸಪ್ನಾಳಿಗೆ ತಲೆ ಬಾಚಿದವಳು, ಮೈನೆರೆದಾಗ ಕೊಬ್ಬರಿ ಬೆಲ್ಲ ತಿನ್ನಿಸಿದವಳು ಈ ದೇವಕ್ಕನೇ. ಇವಳೂ ಮುಖ ತಿರುಗಿಸಿದರೆ ಈ ದೊಡ್ಡ ಊರಿನಲ್ಲಿ ಅವಳಿಗೆ ಬೇರೆ ಮುಖವಿರಲಿಲ್ಲ.

ಅವಳು ಮೊಬೈಲ್ ತೆಗೆದಳು. ಚಾನೆಲ್ಲಿನವರು ಆ ಕಂತನ್ನು ಅಷ್ಟು ಹೊತ್ತಿಗೆ ಅಂತರ್ಜಾಲದಲ್ಲೂ ಹಾಕಿದ್ದರು. ಅತ್ತೆಯ ಕಾಲ ಬಳಿ ನೆಲಕ್ಕೆ ಕುಳಿತು ಅದನ್ನು ಅವಳ ಮುಂದೆ ಹಿಡಿದಳು.

"ಬ್ಯಾಡ. ನಾ ನೋಡಂಗಿಲ್ಲ."

"ಒಮ್ಮಿ ನೋಡ್ರಿ. ಬಾಯಾರನ್ನ ನೋಡಬ್ಯಾಡ್ರಿ. ನಿಮ್ಮ ಮಗನ ಬಾಯಿ ನೋಡ್ರಿ."

ನಿರೂಪಕಿ ಅಂದಳು. ಚಪ್ಪಾಳೆ ಬಿತ್ತು. ದೇವಕ್ಕ ಹುಬ್ಬು ಗಂಟಿಕ್ಕಿ ಮೊಬೈಲಿನ ಹತ್ತಿರ ಬಾಗಿದಳು.

"ಏನರ ಅನ್ಲಾಕ ಹೊಂಟಾನಲ್ಲ?"

"ಹೌದು ಅತ್ತಿ."

"ಅಲ್ಲ ಅಂತ ಅನ್ಲಾಕ ಹೊಂಟಾನ... ಇವರು ನಮ್ಮವ್ವ ಅಲ್ಲ ಅಂತ!" ದೇವಕ್ಕ ಕಣ್ಣು ಕಿರಿದು ಮಾಡಿದಳು. "ಆ ಕೈ ಯಾರದು?"

ಸಪ್ನಾ ತಲೆ ಎತ್ತಲಿಲ್ಲ. "ನಂದು."

ಹೊರಗೆ ಮೆಟ್ರೋ ಹಾದು ಹೋಯಿತು. ಕಿಟಕಿಯ ಗಾಜು ಅದುರಿ ಸುಮ್ಮನಾಯಿತು.

"ಅವರು ಹೇಳ್ತಿದ್ರು ಅತ್ತಿ. ನಾನs ಒತ್ತಿ ಕುಂದ್ರಿಸಿದೆ. ಮುತ್ತೈದಿ ಬೇಕು ಅಂದದ್ದೂ ನಾನs. ಆಮ್ಯಾಲ ಬೈದದ್ದೂ ಅವರಿಗೇ ಬೈದೆ... ಅವರು ನನ್ನ ಹೆಸರು ತಗೀಲಿಲ್ಲ. ಒಂದು ದಿನಾನೂ ತಗೀಲಿಲ್ಲ!" ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ನಾಚಿಕೆಯಾಗಿತ್ತು. "ನಾ ಎಲ್ಲೆರ ಲೇಡೀಸ್ ಹಾಸ್ಟೆಲಿಗೆ ಹೋಗ್ತೀನಿ. ನಿಮಗ ನನ್ನ ಮುಖಾ..."

"ಸುಮ್ಮ ಕುಂದ್ರು."

ದೇವಕ್ಕ ಅವಳನ್ನು ಹೊಡೆಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ.

"ನಿನಗ ಬೈಲಾಕ ನಾಳಿ ಅದ, ನಾಡದು ಅದ. ಇವತ್ತ ನನ್ನ ಮಗನ್ನ ನೋಡ್ಲಾಕ ಬಿಡು. ಹಿಂದಕ ಹಾಕು ಅದನ್ನ."

ಸಪ್ನಾ ಹಿಂದಕ್ಕೆ ಎಳೆದಳು. ಶರಣು ಬಾಯಿ ತೆರೆದ. ದೇವಕ್ಕ ಹಂಚಿನ ಬಿಸಿಗೆ ಗಟ್ಟಿಯಾದ ಬೆರಳಿನಿಂದ ಅವನ ತುಟಿ ಮುಟ್ಟಲು ಹೋದಳು. ಬೆರಳು ತಾಗಿ ಚಿತ್ರ ನಿಂತುಬಿಟ್ಟಿತು. ಅವನ ಬಾಯಿ ತೆರೆದೇ ಇತ್ತು, ಹಸಿರು ಬಳೆಗಳ ಕೈ ಇನ್ನೂ ಅವನನ್ನು ತಲುಪಿರಲಿಲ್ಲ.

"ಅಯ್ಯ, ನಿಂತೇಬಿಡ್ತಲ್ಲ! ನೋಡು ಹ್ಯಾಂಗ ಹೊಂಟಾನ ನೋಡು, ನನ್ನ ಸಲುವಾಗಿ..." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. "ಇನ್ನೊಮ್ಮಿ ಹಾಕು."

ಸಪ್ನಾ ಇನ್ನೊಮ್ಮೆ ಹಾಕಿದಳು. ಅವನು ಬಾಯಿ ತೆರೆದ. ಅವಳ ಕೈ ಬಂತು.

"ಇನ್ನೊಮ್ಮಿ."

ಅವನು ಬಾಯಿ ತೆರೆದ. ಅವಳ ಕೈ ಬಂತು.