ಹಸಿರು ದಾರದ ಸೀಟು

"ಹಿಂದಿನ ಸೀಟೆಲ್ಲಿ?"

ಕಾರಿನೊಳಗೆ ಬಗ್ಗಿ ನೋಡಿ ಶೈಲಜಾ ಅವನನ್ನು ಕೇಳಿದ ಮೊದಲ ಮಾತೇ ಇದು.

"ಇಲ್ರಿ... ಕಂಪನಿಯವ್ರೇ ಇಟ್ಟಿಲ್ಲ," ಎಂದ ಮಡಿವಾಳಪ್ಪ, ತಪ್ಪೆಲ್ಲ ತನ್ನದೇ ಎಂಬಂತೆ. "ಎಪ್ಪತ್ತಾರರ ಶೆವೆಟ್ ಇದು. ಸ್ಕೂಟರ್ ಅಂತ ಮಾಡೆಲ್ಲು, ಎಲ್ಲಾದಕ್ಕಿಂತ ಸೋವಿ. ಎರಡು ಬಾಗಲ, ಎರಡು ಸೀಟ."

1995ರ ದೀಪಾವಳಿ. ಕೆನಡಾದ ಮಿಸ್ಸಿಸಾಗಾದಲ್ಲಿ ಕನ್ನಡದವರ ಕಾರ್ಯಕ್ರಮ ಮುಗಿದಿತ್ತು, ಶೈಲಜಾಳ ಬಸ್ಸು ತಪ್ಪಿತ್ತು. ಮೈಸೂರಿನವಳು, ನಾರ್ತ್ ಯಾರ್ಕಿನ ಸಾಫ್ಟ್‌ವೇರ್ ಆಫೀಸಿಗೆ ಬಂದು ಆರು ತಿಂಗಳಾಗಿತ್ತು. ಅವಳನ್ನು ಸಬ್‌ವೇ ರೈಲಿನ ನಿಲ್ದಾಣದ ತನಕ ಬಿಡುತ್ತೇನೆಂದ ಮಡಿವಾಳಪ್ಪ ಧಾರವಾಡದವ. ಮಶೀನ್ ಶಾಪಿನಲ್ಲಿ ಕೆಲಸ, ಸ್ಟ್ರೀಟ್ಸ್‌ವಿಲ್‌ನ ರುದ್ರವ್ವನವರ ಬೇಸ್‌ಮೆಂಟಿನಲ್ಲಿ ಬಾಡಿಗೆ.

ಸಬ್‌ವೇ ತನಕ ಅಂದವನು ಮನೆ ಬಾಗಿಲ ತನಕ ಬಿಟ್ಟ. ಆಮೇಲೆ ಪ್ರತಿ ಭಾನುವಾರ ಅವಳನ್ನು ದೇವಸ್ಥಾನಕ್ಕೋ ಪೇಟೆಗೋ ಕರೆದೊಯ್ಯಲು ಬಂದ.

ಹಿಂದೆ ಸೀಟಿಲ್ಲದ ಮೇಲೆ ಮೂರನೆಯವರು ಜೊತೆಗೆ ಬರುವ ಮಾತೇ ಇರಲಿಲ್ಲ. ದೇವರು ಕೆಲವರಿಗೆ ಹೀಗೂ ಅನುಕೂಲ ಮಾಡಿಕೊಡುತ್ತಾನೆ!

ಡ್ಯಾಶ್‌ಬೋರ್ಡಿನ ಗೂಡಿಗೆ ಮುಚ್ಚಳವೂ ಇರಲಿಲ್ಲ. ತಿರುವು ಬಂದಾಗಲೆಲ್ಲ ಅವಳ ಕೈಗವಸು ಮಡಿಲಿಗೆ ಬೀಳುತ್ತಿತ್ತು.

"ಮ್ಯಾಲಿನ ಮಾಡೆಲ್ಲಿಗೆ ಮುಚ್ಚಳ ಐತ್ರಿ. ವುಡಿ ಅಂತ ಇನ್ನೊಂದಿತ್ತು, ಮೈಗೆ ಕಟ್ಟಿಗಿ ಚಿತ್ರ ಅಂಟಿಸಿದ್ದು."

"ಅಂಟಿಸಿದ್ದಾ? ನಿಜವಾದ ಮರ ಅಲ್ವಾ?"

"ಸೋವಿ ಗಾಡಿ ಅಲ್ರೀ... ಆಸಿ ಮಾತ್ರ ದೊಡ್ಡದು."

ಒಮ್ಮೆ ಹಿಮ ಬಿದ್ದು 401 ಹೆದ್ದಾರಿಯಲ್ಲಿ ಗಾಡಿಗಳೆಲ್ಲ ನಿಂತಾಗ, ಶೈಲಜಾ ಪರ್ಸಿನಿಂದ ಸೂಜಿ ತೆಗೆದು ತನ್ನ ಸೀಟಿನ ಹರುಕನ್ನು ಹೊಲಿದಳು. ಇದ್ದದ್ದು ಹಸಿರು ದಾರ ಮಾತ್ರ. ಆ ಒಂದೂವರೆ ಗಂಟೆ ಇನ್ನಷ್ಟು ಹಿಮ ಬೀಳಲಿ ಎಂದು ಅವಳು ಬೇಡಿಕೊಂಡದ್ದು ಅವನಿಗೆ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ರುದ್ರವ್ವ ಫೋನ್ ಮಾಡಿದರು.

"ನಮ್ಮ ಮಡಿವಾಳ ನಾಕು ಬಾಗಲದ ಗಾಡಿ ಹುಡುಕಾಕ ಹತ್ಯಾನವಾ. ಹಿರ್ಯಾರನ್ನ ಕೂಡಿಸ್ಕೊಂಡು ಅಡ್ಡ್ಯಾಡಬೇಕಂತ. ಮದವಿ ಮಾತಿರಬೇಕು ನೋಡು."

ಶೈಲಜಾ ಫೋನ್ ಕೆಳಗಿಟ್ಟಳು. 'ಧಾರವಾಡದ ಹುಡುಗಿ... ಅವಳ ಅಪ್ಪ, ಅಮ್ಮ... ನಾನು ಬರೀ ದಾರಿಗೆ ಜೊತೆಯಾಗಿದ್ದವಳಾ?'

ಅವನ ಆನ್ಸರಿಂಗ್ ಮಶೀನಿಗೆ ಹೇಳಿದಳು: "ಇನ್ಮೇಲೆ ಬಸ್ಸಲ್ಲೇ ಹೋಗ್ತೀನಿ. ನಿಮಗ್ಯಾಕೆ ತೊಂದರೆ."

ಮೂರು ಭಾನುವಾರ ಬಸ್ಸಿನ ಕಿಟಕಿಗೆ ಮುಖ ಮಾಡಿ ಅಳು ನುಂಗಿಕೊಂಡಳು. ನಾಲ್ಕನೆಯ ಭಾನುವಾರ ಅವಳ ಅಪಾರ್ಟ್‌ಮೆಂಟಿನ ಮುಂದೆ ಕಂದು ಬಣ್ಣದ ಶೆವೆಟ್ ನಿಂತಿತ್ತು. ನಾಲ್ಕು ಬಾಗಿಲಿನದು.

"ಒಮ್ಮೆ ಕೂತು ನೋಡ್ರಿ," ಎಂದ ಮಡಿವಾಳಪ್ಪ.

"ನಾನ್ಯಾಕೆ? ಕೂರೋರಿಗೆ ತೋರಿಸಿ."

"ಕೂಡೋರು ಮೈಸೂರಾಗ ಅದಾರಲ್ರಿ."

ಹೊರಟಿದ್ದ ಅವಳು ತಿರುಗಿ ನೋಡಿದಳು.

"ಮೇ ತಿಂಗಳದಾಗ ನಿಮ್ಮ ಅಪ್ಪಾರು, ಅವ್ವಾರು ಬರ್ತಾರ ಅಂದಿದ್ರಿ. ಅಪ್ಪಾರ ಮೊಣಕಾಲು ಮಡಚೂದಿಲ್ಲ, ಮುಂದ ಕೂಡ್ತಾರ. ಸೀರಿ ಉಟ್ಟು ಅವ್ವಾರು ಹಿಂದ ಹತ್ತಾಕ ಬಾಗಲ ಬೇಕಲ್ರಿ..." ಅವನು ತಲೆ ತಗ್ಗಿಸಿದ. "ಅವರನ್ನ ಏರ್‌ಪೋರ್ಟಿಂದ ಕರ್ಕೊಂಡು ಬಂದು, ಆಮ್ಯಾಲ ನಿಮ್ಮನ್ನ ಕೇಳೂದು ಅಂತ ಮಾಡಿದ್ದೆ. ಮೊದ್ಲು ನಿಮಗ ಹೇಳಬೇಕಿತ್ತು. ತಪ್ಪಾತು."

ಆಗಲೇ ಅವಳ ಕಣ್ಣು ಮುಂದಿನ ಸೀಟಿನ ಮೇಲೆ ಬಿತ್ತು. ಹಸಿರು ದಾರ, ಅವಳದೇ ಸೊಟ್ಟ ಹೊಲಿಗೆ.

"ಇದು... ನನ್ನ ಸೀಟು."

"ಹಳೇ ಗಾಡಿ ಕೊಡೂಮುಂದ ಅದೊಂದನ್ನ ಬಿಚ್ಕೊಂಡೆ. ಬೋಲ್ಟ್ ಕೂಡಲಿಲ್ಲ, ಹೊಸಾ ತೂತು ಕೊರದೆ."

ಮೂರು ವಾರ ನುಂಗಿದ್ದ ಅಳು ಈಗ ಉಕ್ಕಿ ಬಂತು. ಕಣ್ಣೊರೆಸಿಕೊಳ್ಳುತ್ತಲೇ ಮುಂದಿನ ಬಾಗಿಲು ತೆಗೆದು ಕೂತಳು.

"ಅಪ್ಪ ಅಮ್ಮ ಇರೋ ತನಕ ಮಾತ್ರ ಹಿಂದೆ ಕೂರ್ತೀನಿ. ಆಮೇಲೆ ಇದು ಯಾವತ್ತೂ ನಂದು."

ಆ ಶೆವೆಟ್ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ಹಿಡಿದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. 2007ರಲ್ಲೂ ಮಾರ್ಕಮ್ಮಿನ ಅವರ ಗರಾಜಿನಲ್ಲಿ ಆ ಸೀಟು ಮಾತ್ರ ಗೋಡೆಗೆ ಒರಗಿ ಕೂತಿತ್ತು. ಮಡಿವಾಳಪ್ಪ ಚಳಿಗಾಲದ ಟೈರು ಹಾಕುವಾಗ ಶೈಲಜಾ ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

"ಜಾಗಾನೇ ಇಲ್ಲ. ಇದನ್ನ ಒಗದು ಬಿಡ್ಲೇನು?" ಎಂದು ಪ್ರತಿ ವರ್ಷದಂತೆ ಕೇಳಿದ.

"ಒಗೀರಿ, ನನ್ನನ್ನೂ ಸೇರಿಸಿ."

"ಹಂಗಾರ ಸ್ವಲ್ಪ ಸರಿ. ನಾನೂ ಕೂಡ್ತೀನಿ."

"ಇರೋದು ಒಂದೇ ಸೀಟು ಕಣ್ರೀ..."

"ನಮಗ ಮೊದ್ಲಿಂದಾನೂ ಸೀಟು ಕಮ್ಮೀನೇ ಅಲ್ಲೇನು?"

ಅವಳು ಸರಿದು ಕೂತಳು.